ಹೃದಯ ಕವಾಟದ ಬದಲಾವಣೆ: ಮಹಿಳೆಯರಿಗೆ ಅಪಾಯ ಹೆಚ್ಚೇ?

ಪ್ರಶ್ನೆ: ನನ್ನ ತಾಯಿಗೆ 73 ವರ್ಷ. ಅವರ ಹೃದಯದ ಅಯೋರ್ಟಿಕ್ ಕವಾಟ ಕಿರಿದಾಗಿದ್ದು, ಅದನ್ನು ಬದಲಾಯಿಸಬೇಕೆಂದು ವೈದ್ಯರು ಹೇಳಿದ್ದಾರೆ. ಈ ಚಿಕಿತ್ಸೆಯಲ್ಲಿ ಪುರುಷರಿಗಿಂತ ಮಹಿಳೆಯರಿಗೆ ಅಪಾಯ ಹೆಚ್ಚೆಂದು ಕೇಳಿದ್ದೇವೆ. ನಿಜವೇ?

ಉತ್ತರ: ಎದೆಗೂಡು ತೆರೆದು ಮಾಡುವ ಶಸ್ತ್ರಚಿಕಿತ್ಸೆಯ ಮಟ್ಟಿಗೆ ನಿಜ. ತೊಡೆಸಂದಿನ ರಕ್ತನಾಳದ ಮೂಲಕ ಕವಾಟವನ್ನು ಒಯ್ದು ಕೂರಿಸುವ ‘ಟಾವಿ’ ವಿಧಾನದಲ್ಲಿ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಮೊದಲ ಕೆಲವು ದಿನಗಳ ತೊಡಕುಗಳು ಮಹಿಳೆಯರಲ್ಲಿ ಹೆಚ್ಚಾದರೂ, ವರ್ಷ ಕಳೆದ ಮೇಲೆ ಬದುಕುಳಿದವರ ಪ್ರಮಾಣ ಪುರುಷರದಕ್ಕಿಂತ ಕಡಿಮೆಯೇನಿಲ್ಲ. ಹಲವು ಅಧ್ಯಯನಗಳಲ್ಲಿ ಹೆಚ್ಚೇ ಇದೆ.

ಶಸ್ತ್ರಚಿಕಿತ್ಸೆಗೆ ಮುನ್ನ ಅಪಾಯವನ್ನು ಅಂದಾಜು ಮಾಡಲು ವೈದ್ಯರು ಬಳಸುವ ಯೂರೋಸ್ಕೋರ್–2 ಎಂಬ ಸೂತ್ರದಲ್ಲಿ ವಯಸ್ಸು, ಮೂತ್ರಪಿಂಡದ ಸ್ಥಿತಿ, ಶ್ವಾಸಕೋಶದ ಕಾಯಿಲೆ ಮೊದಲಾದವುಗಳ ಜೊತೆಗೆ, ರೋಗಿ ಮಹಿಳೆಯಾಗಿದ್ದರೆ ಅದಕ್ಕೂ ಒಂದಿಷ್ಟು ಅಪಾಯ ಸೇರಿಕೊಳ್ಳುತ್ತದೆ. ಸೂತ್ರ ತಪ್ಪಲ್ಲ, ಆದರೆ ಅದು ಕಾರಣವನ್ನು ಹೇಳುವುದಿಲ್ಲ. ಕಾರಣದ ದೊಡ್ಡ ಪಾಲು ರೋಗ ಪತ್ತೆಯಾಗುವಲ್ಲಿನ ತಡ ಮತ್ತು ಹೃದಯದ ಅಳತೆ, ಇವೆರಡಕ್ಕೆ ಸೇರಿದ್ದು ಎಂಬುದು ನನ್ನ ಅಭಿಪ್ರಾಯ. ಎರಡನ್ನೂ ಒಂದು ಮಟ್ಟಿಗೆ ಸರಿದೂಗಿಸಬಹುದು.

ಮೊದಲು ತಡದ ವಿಷಯ. ಕವಾಟ ಕಿರಿದಾದಾಗ ಮಹಿಳೆಯರ ಎಡ ಹೃತ್ಕುಕ್ಷಿ (ದೇಹಕ್ಕೆ ರಕ್ತ ತಳ್ಳುವ ಹೃದಯದ ಕೋಣೆ) ಸಾಮಾನ್ಯವಾಗಿ ಹಿಗ್ಗುವುದಿಲ್ಲ. ಗೋಡೆ ದಪ್ಪವಾಗಿ ಒಳಗಿನ ಜಾಗ ಚಿಕ್ಕದಾಗುತ್ತದೆ. ಒಂದೊಂದು ಬಡಿತಕ್ಕೂ ಹೊರಬೀಳುವ ರಕ್ತ ಕಡಿಮೆಯಾಗುವುದರಿಂದ, ಕವಾಟದ ದ್ವಾರ ಒಂದು ಚದರ ಸೆಂಟಿಮೀಟರಿಗಿಂತ ಕಿರಿದಾಗಿದ್ದರೂ ಅದರ ಆಚೀಚೆಯ ಒತ್ತಡದ ವ್ಯತ್ಯಾಸ ತೀವ್ರ ಸ್ಥಿತಿಯ ಗುರುತಾದ 40 ಮಿಲಿಮೀಟರ್ ಪಾದರಸವನ್ನು ಮುಟ್ಟದೆ ಹೋಗಬಹುದು. ಆಗ ಎಕೋ ವರದಿಯಲ್ಲಿ ‘ಮಧ್ಯಮ’ ಎಂದು ಬಂದುಬಿಡುವ ಸಾಧ್ಯತೆಯಿದೆ. ಇತ್ತ ಏದುಸಿರು, ಸುಸ್ತು ಎಲ್ಲವೂ ವಯಸ್ಸಿನ ಲೆಕ್ಕಕ್ಕೆ ಹೋಗುತ್ತವೆ.

ಇಂಥ ಗೊಂದಲವಿದ್ದಾಗ ಸಿ.ಟಿ. ಸ್ಕ್ಯಾನಿನಲ್ಲಿ ಕವಾಟದ ಮೇಲೆ ಕೂತ ಕ್ಯಾಲ್ಸಿಯಂ ಅನ್ನು ಅಗಾಟ್‌ಸ್ಟನ್ ಎಂಬ ಅಂಕದಲ್ಲಿ ಅಳೆಯುತ್ತಾರೆ. ಪುರುಷರ ಕವಾಟ ಹೆಚ್ಚಾಗಿ ಕ್ಯಾಲ್ಸಿಯಂ ಕಟ್ಟಿ ಗಡುಸಾದರೆ, ಮಹಿಳೆಯರಲ್ಲಿ ನಾರಿನಂಶ ಬೆಳೆದು ಬಿಗಿಯಾಗುವುದು ಹೆಚ್ಚು. ಕಡಿಮೆ ಕ್ಯಾಲ್ಸಿಯಂನಲ್ಲೇ ಅಷ್ಟೇ ತೀವ್ರವಾದ ಅಡಚಣೆ ಉಂಟಾಗುತ್ತದೆ. ಹೀಗಾಗಿ ತೀವ್ರ ಕಾಯಿಲೆಯ ಸಾಧ್ಯತೆಯನ್ನು ಸೂಚಿಸುವ ಗಡಿ ಪುರುಷರಿಗೆ 2,000, ಮಹಿಳೆಯರಿಗೆ 1,200 ಅಗಾಟ್‌ಸ್ಟನ್ ಅಂಕ. 1,400 ಎಂಬ ಒಂದೇ ಅಂಕ ಪುರುಷನ ವರದಿಯಲ್ಲಿದ್ದರೆ ತೀವ್ರ ಕಾಯಿಲೆ ಇರಲಾರದೆಂದೂ, ಮಹಿಳೆಯ ವರದಿಯಲ್ಲಿದ್ದರೆ ಬಹುಶಃ ಇದೆಯೆಂದೂ ಓದಬೇಕು. ಹಳೆಯ ವರದಿಯಲ್ಲಿ ಈ ಅಂಕವಿದ್ದರೆ ಅದನ್ನು ಇನ್ನೊಮ್ಮೆ ತೆಗೆದು ನೋಡುವುದು ವ್ಯರ್ಥವಲ್ಲ.

ಇನ್ನು ಅಳತೆ. ಕವಾಟ ಕೂರುವ ಉಂಗುರ ಮಹಿಳೆಯರಲ್ಲಿ ಚಿಕ್ಕದು. ಹಳೆಯ ಕವಾಟವನ್ನು ಕತ್ತರಿಸಿ ತೆಗೆದ ಮೇಲೆ ಅಲ್ಲಿ 19 ಅಥವಾ 21 ಮಿಲಿಮೀಟರಿನ ಕೃತಕ ಕವಾಟವಷ್ಟೇ ಹಿಡಿದರೆ, ಹೊಲಿಗೆಯ ಪಟ್ಟಿ ಮತ್ತು ಚೌಕಟ್ಟು ಜಾಗ ತಿಂದ ಬಳಿಕ ರಕ್ತಕ್ಕೆ ಉಳಿಯುವ ದಾರಿ ಇನ್ನೂ ಕಿರಿದು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಈ ದಾರಿ 0.85 ಚದರ ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕವಾಟ ದೇಹಕ್ಕೆ ಸಾಲದೆಂದೂ, 0.65 ಅಥವಾ ಅದಕ್ಕೂ ಕಡಿಮೆಯಿದ್ದರೆ ಕೊರತೆ ತೀವ್ರವೆಂದೂ ಪರಿಗಣಿಸುತ್ತಾರೆ (ಸ್ಥೂಲಕಾಯದವರಿಗೆ ಗಡಿ ಇದಕ್ಕಿಂತ ಕೆಳಗಿದೆ). ಇದನ್ನು ತಪ್ಪಿಸಲು ಶಸ್ತ್ರವೈದ್ಯರು ಹೃದಯದಿಂದ ಹೊರಡುವ ಮಹಾಪಧಮನಿಯ ಬುಡವನ್ನು ಸೀಳಿ, ತೇಪೆ ಹಾಕಿ ಅಗಲ ಮಾಡಬಲ್ಲರು. ಎಲ್ಲರ ಕೈಗೂ ಒಗ್ಗಿದ ಕೆಲಸವಲ್ಲ. ಆದ್ದರಿಂದಲೇ ಮುಂಚಿತವಾಗಿ ಕೇಳಬೇಕು.

ಟಾವಿಯನ್ನು ಮೊದಲ ಬಾರಿಗೆ ಮನುಷ್ಯರಲ್ಲಿ ಮಾಡಿದ್ದು 2002ರಲ್ಲಿ, ಫ್ರಾನ್ಸಿನ ರುವಾನ್ ನಗರದಲ್ಲಿ, ಅಲೆನ್ ಕ್ರಿಬಿಯೇ ಎಂಬ ವೈದ್ಯರು. ಇಲ್ಲಿಯೂ ಚಿಕ್ಕ ಅಳತೆಗೆ ಬೆಲೆ ತೆರಬೇಕಾಗುತ್ತದೆ: ತೊಡೆಯ ಧಮನಿ ಸಣ್ಣದಾದ್ದರಿಂದ ಮಹಿಳೆಯರಲ್ಲಿ ರಕ್ತನಾಳಕ್ಕೆ ಪೆಟ್ಟಾಗುವುದು, ರಕ್ತಸ್ರಾವವಾಗುವುದು ಹೆಚ್ಚು. ಹೃದಯಕ್ಕೇ ರಕ್ತ ಪೂರೈಸುವ ಕರೋನರಿ ಧಮನಿಯ ಬಾಯಿ ಉಂಗುರಕ್ಕೆ ತೀರ ಹತ್ತಿರವಿದ್ದರೆ ಹೊಸ ಕವಾಟದಿಂದ ಅದು ಮುಚ್ಚಿಹೋಗುವ, ವಿರಳವಾದರೂ ಗಂಭೀರವಾದ ಅಪಾಯವಿದೆ. ಅಂಥ ಪ್ರಕರಣಗಳಲ್ಲಿ ಬಹುಪಾಲು ಮಹಿಳೆಯರವು. ಆದರೂ ಮುಂದಿನ ದಿನಗಳ ಫಲಿತಾಂಶ ಚೆನ್ನಾಗಿರುವುದಕ್ಕೆ ಕಾರಣಗಳಿವೆ. ಚಿಕಿತ್ಸೆಗೆ ಬರುವ ಮಹಿಳೆಯರಲ್ಲಿ ಹಿಂದೆ ಹೃದಯಾಘಾತವಾದವರು, ಬೈಪಾಸ್ ಆದವರು ಕಡಿಮೆ. ಕವಾಟದ ಅಂಚಿನಲ್ಲಿ ರಕ್ತ ಸೋರುವುದೂ ಅವರಲ್ಲಿ ಕಡಿಮೆ. ದಪ್ಪವಾಗಿದ್ದ ಹೃದಯದ ಗೋಡೆ ಬೇಗ ಮೊದಲಿನತ್ತ ಮರಳುತ್ತದೆ.

ಮಹಿಳೆಯರನ್ನಷ್ಟೇ ಸೇರಿಸಿಕೊಂಡು ಎರಡೂ ವಿಧಾನಗಳನ್ನು ಹೋಲಿಸಿದ ‘ರಿಯಾ’ ಎಂಬ ಯುರೋಪಿನ ಪ್ರಯೋಗದ ಫಲಿತಾಂಶ 2024ರಲ್ಲಿ ಹೊರಬಂತು. ಒಂದು ವರ್ಷದಲ್ಲಿ ಸಾವು, ಪಾರ್ಶ್ವವಾಯು ಅಥವಾ ಮತ್ತೆ ಆಸ್ಪತ್ರೆ ಸೇರುವಿಕೆ, ಇವುಗಳಲ್ಲಿ ಯಾವುದಾದರೊಂದು ಸಂಭವಿಸಿದ ಪ್ರಮಾಣ ಟಾವಿಯಲ್ಲಿ ಶೇ. 8.9, ಶಸ್ತ್ರಚಿಕಿತ್ಸೆಯಲ್ಲಿ ಶೇ. 15.6. ಅಂತರ ದೊಡ್ಡದೆನಿಸಿದರೂ ಅದು ಬಹುತೇಕ ಮತ್ತೆ ಆಸ್ಪತ್ರೆ ಸೇರಿದವರಿಂದ ಬಂದದ್ದು. ಸಾವು ಮತ್ತು ಪಾರ್ಶ್ವವಾಯು ಎರಡೂ ಗುಂಪಿನಲ್ಲಿ ಕಡಿಮೆಯೇ ಇದ್ದವು. ಹತ್ತು ವರ್ಷದ ಮಾತನ್ನು ಒಂದು ವರ್ಷದ ಅಂಕಿಯಿಂದ ಹೇಳಲಾಗದು. ಟಾವಿಯ ಎರಡು ಬಗೆಯ ಕವಾಟಗಳನ್ನು ಹೋಲಿಸಿದ, ಅದೇ ವರ್ಷದ ‘ಸ್ಮಾರ್ಟ್’ ಪ್ರಯೋಗದಲ್ಲಿ ಚಿಕ್ಕ ಉಂಗುರದ 716 ರೋಗಿಗಳಿದ್ದರು, ಅವರಲ್ಲಿ ಶೇ. 87 ಮಹಿಳೆಯರು. ತಾನೇ ಅರಳಿಕೊಳ್ಳುವ ಕವಾಟ ಹಾಕಿದವರಲ್ಲಿ ಶೇ. 9.4, ಬಲೂನಿನಿಂದ ಅರಳಿಸುವ ಕವಾಟ ಹಾಕಿದವರಲ್ಲಿ ಶೇ. 41.6 ಮಂದಿಗೆ ವರ್ಷದೊಳಗೆ ಕವಾಟದ ಕಾರ್ಯದಲ್ಲಿ ಕೊರತೆ ಕಂಡಿತು. ಸಾವು ಮುಂತಾದ ದೊಡ್ಡ ಅನಾಹುತಗಳಲ್ಲಿ ಮಾತ್ರ ಆ ವೇಳೆಗೆ ಹೆಚ್ಚಿನ ಅಂತರವಿರಲಿಲ್ಲ.

ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಸೋರುವವರ ಸಮಸ್ಯೆಯೂ ಇದೇ ಜಾಡಿನದು. ಎಡ ಹೃತ್ಕುಕ್ಷಿ ಸಂಕುಚಿಸಿದಾಗಲೂ ಅದರ ಅಡ್ಡಳತೆ 40 ಮಿಲಿಮೀಟರ್ ಮುಟ್ಟಿದರೆ ಶಸ್ತ್ರಚಿಕಿತ್ಸೆ ಎಂಬ ಗಡಿಯನ್ನು ದೇಹದ ಗಾತ್ರ ನೋಡದೆ ಅನ್ವಯಿಸಿದರೆ ಸಣ್ಣ ಮೈಕಟ್ಟಿನ ಮಹಿಳೆ ಆ ಅಂಕಿ ಮುಟ್ಟುವ ವೇಳೆಗೆ ಕಾಯಿಲೆ ಬಹಳ ಮುಂದುವರಿದಿರುತ್ತದೆ.

ನಿಮ್ಮ ತಾಯಿಯವರಿಗೆ ಸಂಬಂಧಿಸದಿದ್ದರೂ ಮಗು ಬೇಕೆನ್ನುವ ವಯಸ್ಸಿನವರ ಬಗ್ಗೆ ಒಂದು ಮಾತು. ಯಾಂತ್ರಿಕ ಕವಾಟ ಬಹುಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಬಿಡುವಂತಿಲ್ಲ, ಅದು ಭ್ರೂಣವನ್ನು ತಲುಪುತ್ತದೆ. ಗರ್ಭಿಣಿಯರ ಅಂತರರಾಷ್ಟ್ರೀಯ ದಾಖಲೆಯೊಂದರಲ್ಲಿ ಗಂಭೀರ ತೊಡಕಿಲ್ಲದೆ ಜೀವಂತ ಮಗು ಪಡೆದವರು ಯಾಂತ್ರಿಕ ಕವಾಟದವರಲ್ಲಿ ಶೇ. 58, ಪ್ರಾಣಿಗಳ ಅಂಗಾಂಶದಿಂದ ಮಾಡಿದ ಕವಾಟದವರಲ್ಲಿ ಶೇ. 79. ಅಂಗಾಂಶ ಕವಾಟವೋ ಎಳೆಯ ವಯಸ್ಸಿನವರಲ್ಲಿ ಬೇಗ ಸವೆಯುತ್ತದೆ.

73ರ ವಯಸ್ಸಿನಲ್ಲಿ ಎರಡು ವಿಧಾನಗಳೂ ಪರಿಗಣನೆಗೆ ಬರುತ್ತವೆ. ಸಿ.ಟಿ. ವರದಿಯನ್ನು ಮುಂದಿಟ್ಟುಕೊಂಡು ಉಂಗುರದ ಅಳತೆ ಎಷ್ಟು, ತೊಡೆಯ ಧಮನಿ ಎಷ್ಟು ಅಗಲ, ಕರೋನರಿ ಬಾಯಿ ಎಷ್ಟು ಎತ್ತರದಲ್ಲಿದೆ, ಯಾವ ಕವಾಟ ಹಾಕಿದರೆ ಎಷ್ಟು ದಾರಿ ಸಿಗುತ್ತದೆ ಎಂದು ವೈದ್ಯರನ್ನು ಕೇಳಿ. ಕವಾಟಕ್ಕೆ ಮೂರರ ಬದಲು ಎರಡೇ ದಳಗಳಿದ್ದರೆ, ಮಹಾಪಧಮನಿ ಊದಿಕೊಂಡಿದ್ದರೆ ಅಥವಾ ಬೈಪಾಸ್ ಕೂಡ ಬೇಕಾಗಿದ್ದರೆ, ಅಪಾಯದ ಅಂಕ ತುಸು ಹೆಚ್ಚಿದ್ದರೂ ಎದೆ ತೆರೆಯುವ ಶಸ್ತ್ರಚಿಕಿತ್ಸೆಯನ್ನೇ ಅವರು ಸೂಚಿಸಬಹುದು.