ಚಂದಮಾಮ ತೋರಿಸಿ ಓಡಿಸುವ ಹಾಡು

ಹೋದ ತಿಂಗಳು ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತಿದ್ದೆ. ಕಿವಿಯಲ್ಲಿ ಹಾಡು ಜೋರಾಗಿತ್ತು. ಅರ್ಧ ದಾರಿಯಲ್ಲಿ ಇಯರ್‌ಫೋನ್ 'ಟೊಂಯ್' ಅಂದು ಸುಮ್ಮನಾಯಿತು. ರಾತ್ರಿ ಚಾರ್ಜಿಗೆ ಇಡೋದು ಮರೆತಿದ್ದೆ. ತಗೊಳ್ಳಿ, ಶುರುವಾಯಿತು ದೂರುಗಳ ಸಾಲು. ಬಲ ಮಂಡಿ ಚುರುಕ್ ಅಂದಿತು. ನನ್ನದೇ ಏದುಸಿರು ಹಳೇ ಸೈಕಲ್ ಪಂಪಿನ ಹಾಗೆ ಕೇಳಿಸಿತು. ಶೂ ಒಳಗೊಂದು ಸಣ್ಣ ಕಲ್ಲು ಕೂತಿರುವುದೂ ಗೊತ್ತಾಯಿತು. ಬಿಚ್ಚಿ ನೋಡಿದರೆ ಕಾಲ್ಚೀಲದ ಮೇಲೆ ಆಗಲೇ ಅದರ ಅಚ್ಚು ಬಿದ್ದಿತ್ತು. ಅಂದರೆ ಅದು ಬಂದು ಬಹಳ ಹೊತ್ತಾಗಿತ್ತು!

ಹಾಡು ಕೇಳಿದರೆ ಕಾಲಿಗೆ ಶಕ್ತಿ ಬರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನನ್ನ ಮೊಬೈಲಿಗೆ ಬರುವ ಸಂದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ. ಇಂಥ ರಾಗ ಕೇಳಿದರೆ ಬೊಜ್ಜು ಕರಗುತ್ತದಂತೆ. 432 ಹರ್ಟ್ಜ್ ಶ್ರುತಿಗೆ ಹೊಂದಿಸಿದ ಸಂಗೀತ ಹಾಕಿಕೊಂಡು ಮಲಗಿದರೂ ಸಾಕಂತೆ. ಬೊಜ್ಜು ಕರಗಿಸೋದು ಕಾಲು ಸ್ವಾಮಿ, ಕಿವಿಯಲ್ಲ. ಹಾಡು ಮಾಡುವ ಕೆಲಸವೇ ಬೇರೆ.

ಅಮ್ಮಂದಿರು ಮಗುವಿಗೆ ಚಂದಮಾಮ ತೋರಿಸಿ ತುತ್ತು ತಿನ್ನಿಸುತ್ತಾರಲ್ಲ, ಅದೇ ಕೆಲಸ. ಚಂದಮಾಮನಿಂದ ಅನ್ನದ ರುಚಿ ಹೆಚ್ಚುವುದಿಲ್ಲ. ಮಗುವಿನ ಗಮನ ಬಾಯಿಂದ ಆಕಾಶಕ್ಕೆ ಹೋಗುತ್ತದೆ, ಅಷ್ಟೇ. ನಮ್ಮ ಗಮನ ಅನ್ನೋದು ಹಳೇ ಕಾಲದ ಕಿರಿದಾದ ಬಾಗಿಲು. ಎಲ್ಲರೂ ಒಟ್ಟಿಗೆ ನುಗ್ಗೋಕೆ ಆಗಲ್ಲ. ಮಂಡಿ, ತೊಡೆ, ಶ್ವಾಸಕೋಶ ಎಲ್ಲವೂ ಮಿದುಳಿಗೆ ದೂರು ಕಳಿಸುತ್ತಲೇ ಇರುತ್ತವೆ. ಅಷ್ಟರಲ್ಲಿ ಹಾಡು ಬಂದು ಬಾಗಿಲಲ್ಲಿ ನಿಂತುಬಿಡುತ್ತದೆ. ಕಚೇರಿಯ ಕಿಟಕಿಯಲ್ಲಿ ಮಾತುಗಾರನೊಬ್ಬ ಗುಮಾಸ್ತರ ಜೊತೆ ಹರಟೆಗೆ ನಿಂತರೆ ಹಿಂದಿನವರ ಅರ್ಜಿ ಒಳಗೆ ಹೋಗುತ್ತಾ? ಅರ್ಜಿ ಕೈಯಲ್ಲೇ ಇರುತ್ತದೆ, ಓದುವವರಿಲ್ಲ. ನನ್ನ ಶೂ ಒಳಗಿನ ಕಲ್ಲಿನದ್ದೂ ಇದೇ ಕತೆ.

ಇದನ್ನು ಅಳೆಯೋದು ಹೇಗೆ? ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನಶ್ಶಾಸ್ತ್ರಜ್ಞರು 6ರಿಂದ 20ರವರೆಗಿನ ಒಂದು ಪಟ್ಟಿ ಮಾಡಿದರು. ಎಷ್ಟು ಸುಸ್ತು ಅಂತ ಓಡುವವರೇ ನಂಬರ್ ಹೇಳಬೇಕು. 6ರಿಂದ ಯಾಕೆ ಶುರು? ಹೇಳಿದ ನಂಬರಿನ ಮುಂದೆ ಸೊನ್ನೆ ಹಾಕಿದರೆ ಹೆಚ್ಚುಕಡಿಮೆ ಎದೆಬಡಿತ ಸಿಗಲಿ ಅಂತ. 13 ಅಂದರೆ ನಿಮಿಷಕ್ಕೆ 130ರ ಆಸುಪಾಸು. ಹದವಾದ ವ್ಯಾಯಾಮದಲ್ಲಿ ಹಾಡು ಹಾಕಿದರೆ ಈ ನಂಬರ್ ಸುಮಾರು ಹತ್ತನೇ ಒಂದು ಭಾಗ ಇಳಿಯುತ್ತದೆ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಾಜಾರ್ಜಿಸ್ ಹಲವು ವರ್ಷ ಇದನ್ನೇ ಅಧ್ಯಯನ ಮಾಡಿದವರು. ನಿಮಿಷಕ್ಕೆ ತಾಳದ 120ರಿಂದ 140 ಪೆಟ್ಟು ಬೀಳುವ ಹಾಡುಗಳು ವ್ಯಾಯಾಮಕ್ಕೆ ಚೆನ್ನಾಗಿ ಒದಗುತ್ತವೆ ಅನ್ನುತ್ತಾರೆ. 15 ಸೆಕೆಂಡ್ ಪೆಟ್ಟು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮ್ಮ ಹಾಡಿನ ಲೆಕ್ಕವೂ ಸಿಕ್ಕಿತು.

ಆದರೆ ತುತ್ತಿನಲ್ಲಿ ಹಸಿಮೆಣಸಿನಕಾಯಿ ಸಿಕ್ಕರೆ? ಆಗ ಚಂದಮಾಮನೂ ಬೇಡ, ನಕ್ಷತ್ರವೂ ಬೇಡ. ನಮ್ಮ ಗರಿಷ್ಠ ಶಕ್ತಿಯ ಮುಕ್ಕಾಲು ಭಾಗ ದಾಟಿ ದುಡಿಯುವಾಗ ಶ್ವಾಸಕೋಶ ಬಾಗಿಲನ್ನೇ ಒದ್ದುಕೊಂಡು ಒಳಗೆ ಬರುತ್ತದೆ. ಹಾಡು ಇದ್ದರೂ ಸುಸ್ತು ಸುಸ್ತೇ.

ಹಾಡು ದುಡಿಮೆಗೆ ಒದಗುತ್ತದೆ ಅನ್ನೋ ಲೆಕ್ಕ ಹಳೆಯದು. 1911ರಲ್ಲಿ ಲಿಯೊನಾರ್ಡ್ ಏಯರ್ಸ್ ಎಂಬ ಅಮೆರಿಕನ್ನರು ನ್ಯೂಯಾರ್ಕಿನ ಆರು ದಿನಗಳ ಸೈಕಲ್ ರೇಸಿನ ವೇಗವನ್ನು ಬರೆದಿಟ್ಟರು. ಹೌದು, ಆರು ದಿನ! ಬ್ಯಾಂಡ್ ನುಡಿಸುವಾಗ ಗಂಟೆಗೆ 19.6 ಮೈಲಿ, ನಿಂತಾಗ 17.9 ಮೈಲಿ. ನನಗೆ ಇಲ್ಲೊಂದು ಅನುಮಾನ. ಬ್ಯಾಂಡ್ ಇರುವಾಗ ನೋಡುವ ಜನರೂ ಜಾಸ್ತಿ ಇದ್ದಿರಬಹುದು ಅಲ್ವಾ? ಶಿಳ್ಳೆ ಬಿದ್ದರೆ ಯಾರು ತಾನೇ ಜೋರಾಗಿ ತುಳಿಯಲ್ಲ? ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಳಾಂಗಣ 2000 ಮೀಟರ್ ದಾಖಲೆ ಮುರಿದಾಗ ಮೈದಾನದಲ್ಲಿ ಅವರಿಗಿಷ್ಟದ ಪಾಪ್ ಹಾಡು ಮೊಳಗುತ್ತಿತ್ತು. 2007ರಲ್ಲಿ ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ ಓಟದ ಸ್ಪರ್ಧೆಗಳಲ್ಲಿ ಹೆಡ್‌ಫೋನ್ ಬೇಡ ಅಂದಿತು. ಮರುವರ್ಷ ಬಹುಮಾನದ ಗೊಡವೆಯಿಲ್ಲದ ಸಾಮಾನ್ಯ ಓಟಗಾರರ ಮಟ್ಟಿಗೆ ಅದನ್ನು ಸಡಿಲಿಸಿತು.

ಗಮನ ಬೇರೆಡೆ ಹೋಗುವುದರ ಜೊತೆ ಹಾಡಿನಿಂದ ಇನ್ನೊಂದು ಲಾಭವಿದೆ. ತಾಳಕ್ಕೆ ಸರಿಯಾಗಿ ಕಾಲು ಬಿದ್ದರೆ ಶಕ್ತಿ ಉಳಿಯುತ್ತದೆ. ಬ್ರಿಟನ್ನಿನಲ್ಲಿ 2012ರ ಒಂದು ಅಧ್ಯಯನದಲ್ಲಿ ತಾಳಕ್ಕೆ ಹೊಂದಿಸಿ ಸೈಕಲ್ ತುಳಿದವರಿಗೆ ಸುಮಾರು ಶೇ. 7ರಷ್ಟು ಕಡಿಮೆ ಆಕ್ಸಿಜನ್ ಸಾಕಾಯಿತು. ಹೋಲಿಸಿದ್ದು ಕಾಲಿಗಿಂತ ನಿಧಾನವಾಗಿದ್ದ ಹಾಡಿನ ಜೊತೆ. ಬ್ರೇಕ್ ಒತ್ತುತ್ತಾ, ಮತ್ತೆ ಆಕ್ಸಿಲರೇಟರ್ ಒತ್ತುತ್ತಾ ಹೋಗುವ ಬಸ್ಸಿಗೂ ಒಂದೇ ಸಮ ಓಡುವ ಬಸ್ಸಿಗೂ ಮೈಲೇಜ್ ಒಂದೇ ಇರುತ್ತಾ?

ನಮ್ಮಜ್ಜಿ ರಾಗಿ ಬೀಸುತ್ತಿದ್ದದ್ದು ಕೋಳಿ ಕೂಗುವ ಹೊತ್ತಿಗೆ. ಎದುರಿಗೆ ಚಿಕ್ಕಜ್ಜಿ. ಇಬ್ಬರ ಕೈಯೂ ಒಂದೇ ಗೂಟದ ಮೇಲೆ. ಒಬ್ಬರು ಎಳೆದಾಗ ಇನ್ನೊಬ್ಬರು ತಳ್ಳಬೇಕು. ಲಯ ತಪ್ಪಿದರೆ ಮಣಿಕಟ್ಟು ಉಳುಕುತ್ತದೆ. ಅದಕ್ಕೇ ಪದ. ಮೂರು ಸಾಲು ಮುಗಿಯುವಾಗ ಅಜ್ಜಿ ಗೂಟ ಬಿಡದೆ ಎಡಗೈಯಲ್ಲಿ ಒಂದು ಹಿಡಿ ರಾಗಿ ಬಾಯಿಗೆ ಸುರಿಯುತ್ತಿದ್ದರು, ಕಲ್ಲಿನ ಬಾಯಿಗೆ. ಉತ್ತರ ಕರ್ನಾಟಕದ ಕಣಗಳಲ್ಲಿ ಎತ್ತುಗಳ ಹಿಂದೆ ಸುತ್ತುತ್ತಾ ಹಾಡುತ್ತಿದ್ದ ಹಂತಿ ಪದಗಳೂ ಹೀಗೆಯೇ ಕೆಲಸದ ಜೊತೆ ಹುಟ್ಟಿದವು. 2013ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು, ದುಡಿದಂತೆ ಸಂಗೀತ ಹೊರಡುವ ವ್ಯಾಯಾಮದ ಯಂತ್ರಗಳನ್ನು ಮಾಡಿ ನೋಡಿದರು. ಸುಮ್ನೆ ಕೇಳುತ್ತಾ ದುಡಿಯುವುದಕ್ಕಿಂತ ತಾವೇ ಸಂಗೀತ ಹುಟ್ಟಿಸುತ್ತಾ ದುಡಿದಾಗ ಆಯಾಸ ಕಡಿಮೆ ಅನ್ನಿಸಿತಂತೆ. ಹಾಗಂತ 'ನಮ್ಮ ಪೂರ್ವಜರಿಗೆ ಎಲ್ಲಾ ಗೊತ್ತಿತ್ತು' ಅಂತ ಫಾರ್ವರ್ಡ್ ಮಾಡಬೇಡಿ. ಅಜ್ಜಿಗೆ ಗೊತ್ತಿದ್ದದ್ದು, ಬೆಳಗಾಗೋದರೊಳಗೆ ಮೊರ ಖಾಲಿಯಾಗಬೇಕು ಅನ್ನೋದು.

ರಸ್ತೆಯಲ್ಲಿ ಓಡುವವರು ಒಂದು ಕಿವಿ ಖಾಲಿ ಬಿಡಿ. ದೂರು ಮುಚ್ಚಿಹಾಕುವ ಹಾಡು ಲಾರಿ ಹಾರನ್ನನ್ನೂ ಮುಚ್ಚಿಹಾಕುತ್ತದೆ.

ಹಸಿಮೆಣಸಿನಕಾಯಿ ಎಲ್ಲಿ ಸಿಗುತ್ತದೆ ಅಂತ ನೋಡಬೇಕೆಂದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಮೊದಲು ಹಾಡಿನ ಒಂದೊಂದು ಪದವೂ ಕೇಳಿಸುತ್ತದೆ. ಆಮೇಲೆ ತಾಳ ಮಾತ್ರ. ಆಮೇಲೆ ಬರೀ ಉಸಿರು. ನನಗೆ ಅದು ಮುನ್ನೂರನೇ ಮೆಟ್ಟಿಲಿನ ಆಸುಪಾಸು. ನಂದಿ ಇನ್ನೂ ದೂರ ಇರುತ್ತಾನೆ.