ನಿರಂತರ ವೈದ್ಯಕೀಯ ಶಿಕ್ಷಣ: ಸಾಮಾನ್ಯ ವೈದ್ಯರ ಮಟ್ಟಿಗೆ ಈ ಪದದ ಅರ್ಥ

ವೈದ್ಯರ ದಿನನಿತ್ಯದ ಮಾತಿನಲ್ಲಿ ‘ಸಿಎಂಇ’ ಎಂಬ ಪದ ಆಗಾಗ ಕೇಳಿಬರುತ್ತದೆ. ‘ಭಾನುವಾರ ಸಿಎಂಇ ಇದೆ’ ಎಂದು ಒಬ್ಬರು ಹೇಳಿದರೆ, ಅಂದು ಯಾವುದೋ ಸಭಾಂಗಣದಲ್ಲಿ ತಜ್ಞರ ಉಪನ್ಯಾಸವಿದೆ, ಹಾಜರಾದವರಿಗೆ ಪ್ರಮಾಣಪತ್ರವೂ ಕ್ರೆಡಿಟ್ ಅಂಕಗಳೂ ಸಿಗುತ್ತವೆ ಎಂದು ಇನ್ನೊಬ್ಬರು ಅರ್ಥಮಾಡಿಕೊಳ್ಳುತ್ತಾರೆ. ‘ಕಂಟಿನ್ಯೂಯಿಂಗ್ ಮೆಡಿಕಲ್ ಎಜುಕೇಶನ್’ ಎಂಬುದರ ಈ ಸಂಕ್ಷಿಪ್ತ ರೂಪವನ್ನು ಕನ್ನಡದಲ್ಲಿ ‘ನಿರಂತರ ವೈದ್ಯಕೀಯ ಶಿಕ್ಷಣ’ ಎನ್ನುತ್ತೇವೆ. ಪದವಿ ಪಡೆದು, ನೋಂದಣಿ ಮಾಡಿಸಿಕೊಂಡು ವೃತ್ತಿಗಿಳಿದ ವೈದ್ಯರು, ವೃತ್ತಿಯಲ್ಲಿರುವಷ್ಟು ಕಾಲವೂ ತಮ್ಮ ತಿಳಿವಳಿಕೆಯನ್ನು, ಕೌಶಲವನ್ನು, ಚಿಕಿತ್ಸೆ ನೀಡುವ ಕ್ರಮವನ್ನು ತಿದ್ದಿಕೊಳ್ಳುತ್ತಾ ಹೋಗುವ ವ್ಯವಸ್ಥಿತ ಕಲಿಕೆ ಎಂಬುದು ಅದರ ಅರ್ಥ. ಇದರಿಂದ ಹೊಸ ಪದವಿಯೇನೂ ದೊರೆಯುವುದಿಲ್ಲ. ಸ್ನಾತಕೋತ್ತರ ಶಿಕ್ಷಣಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಅದೇ.

‘ನಿರಂತರ’ ಎಂದರೆ ಅಂತರವಿಲ್ಲದ್ದು. ‘ಅಂತರ’ ಎಂಬುದಕ್ಕೆ ಕಾಲದ ಬಿಡುವು ಎಂಬ ಅರ್ಥವೂ ಇದೆ, ಎರಡರ ನಡುವಿನ ದೂರ ಎಂಬ ಅರ್ಥವೂ ಇದೆ. ಈ ಪದದಲ್ಲಿ ನಾವು ಸಾಮಾನ್ಯವಾಗಿ ಮೊದಲನೆಯ ಅರ್ಥವನ್ನಷ್ಟೇ ಕಾಣುತ್ತೇವೆ. ಆದರೆ ಅಭಿವೃದ್ಧಿಶೀಲ ದೇಶವೊಂದರ ಸಾಮಾನ್ಯ ವೈದ್ಯರ ಮಟ್ಟಿಗೆ ಎರಡನೆಯ ಅರ್ಥವೇ ಹೆಚ್ಚು ಮುಖ್ಯವೆಂದು ನನಗೆ ತೋರುತ್ತದೆ. ವೈದ್ಯಶಾಸ್ತ್ರಕ್ಕೆ ಇಂದು ತಿಳಿದಿರುವುದಕ್ಕೂ ಚಿಕಿತ್ಸಾಲಯದ ಮೇಜಿನ ಮೇಲೆ ಬರೆಯಲಾಗುವ ಔಷಧ ಚೀಟಿಗೂ ನಡುವಿನ ದೂರವನ್ನು ಕಡಿಮೆ ಮಾಡದ ಶಿಕ್ಷಣ, ವರ್ಷವಿಡೀ ಬಿಡುವಿಲ್ಲದೆ ನಡೆದರೂ, ಆ ಹೆಸರಿಗೆ ತಕ್ಕದ್ದಾಗುವುದಿಲ್ಲ.

ಆ ದೂರ ಹೇಗೆ ಹುಟ್ಟುತ್ತದೆ ಎಂಬುದನ್ನು ಮಕ್ಕಳ ಭೇದಿಯ ಚಿಕಿತ್ಸೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. 1995ರಲ್ಲಿ ಪದವಿ ಪಡೆದ ವೈದ್ಯರೊಬ್ಬರ ಮುಂದೆ ಎರಡು ವರ್ಷದ ಮಗುವನ್ನು ತಾಯಿ ತಂದು ಕೂರಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಮಗುವಿನ ಕಣ್ಣು ಗುಳಿಬಿದ್ದಿದೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಅದು ನಿಧಾನವಾಗಿ ಮೊದಲಿನಂತಾಗುತ್ತದೆ, ನೀರು ಕೊಟ್ಟರೆ ಆತುರದಿಂದ ಕುಡಿಯುತ್ತದೆ. ದೇಹದ ನೀರಿನಂಶ ಕಡಿಮೆಯಾಗಿದೆ, ಓಆರ್‌ಎಸ್ ಕುಡಿಸಬೇಕು ಎಂಬುದನ್ನು ಅವರು ಕಾಲೇಜಿನಲ್ಲೇ ಚೆನ್ನಾಗಿ ಕಲಿತಿದ್ದಾರೆ. ಆದರೆ ಅವರು ಕಲಿತ ಓಆರ್‌ಎಸ್ ಇಂದಿನದಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಕೂಡ ಸೋಡಿಯಂ ಮತ್ತು ಗ್ಲೂಕೋಸ್ ಎರಡನ್ನೂ ತಗ್ಗಿಸಿದ ಹೊಸ ಮಿಶ್ರಣವನ್ನು ಶಿಫಾರಸು ಮಾಡಿದವು. ದ್ರಾವಣದ ಆಸ್ಮೋಲಾರಿಟಿ, ಅಂದರೆ ಅದರಲ್ಲಿ ಕರಗಿರುವ ಕಣಗಳ ಸಾಂದ್ರತೆ, ಲೀಟರಿಗೆ 311ರಿಂದ 245 ಮಿಲಿಆಸ್ಮೋಲ್‌ಗೆ ಇಳಿಯಿತು. 2004ರಲ್ಲಿ ಅದೇ ಎರಡು ಸಂಸ್ಥೆಗಳು, ಓಆರ್‌ಎಸ್ ಜೊತೆಗೆ ದಿನಕ್ಕೆ 20 ಮಿಲಿಗ್ರಾಂ ಸತುವನ್ನು (ಜಿಂಕ್), ಆರು ತಿಂಗಳೊಳಗಿನ ಕೂಸುಗಳಿಗಾದರೆ 10 ಮಿಲಿಗ್ರಾಂ, 10ರಿಂದ 14 ದಿನಗಳ ಕಾಲ ಕೊಡಬೇಕೆಂದು ಹೇಳಿದವು. ಸತುವಿನಿಂದ ಭೇದಿ ಬೇಗ ನಿಲ್ಲುತ್ತದೆ, ಮುಂದಿನ ಎರಡು ಮೂರು ತಿಂಗಳು ಮತ್ತೆ ಬರುವ ಸಂಭವವೂ ಕಡಿಮೆಯಾಗುತ್ತದೆ. ಅಗ್ಗದ ಈ ಮಾತ್ರೆ ಆ ವೈದ್ಯರ ಚೀಟಿಯಲ್ಲಿ ಇಲ್ಲದಿದ್ದರೆ ಅದು ಅವರ ಅಸಡ್ಡೆಯೇ ಆಗಿರಬೇಕಿಲ್ಲ. ಅವರು ಪರೀಕ್ಷೆ ಬರೆದ ವರ್ಷ ಈ ಸಲಹೆಯೇ ಇರಲಿಲ್ಲ. ಆಮೇಲೆ ಬಂದ ಸಲಹೆಯನ್ನು ಅವರವರೆಗೆ ತಲುಪಿಸುವ ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರವಾಗಿಯೇ ನಿರಂತರ ವೈದ್ಯಕೀಯ ಶಿಕ್ಷಣ ಎಂಬ ಕಲ್ಪನೆ ನಿಂತಿದೆ.

ವರ್ಷಗಳು ಕಳೆದಂತೆ ಅನುಭವವೇ ಈ ಕೊರತೆಯನ್ನು ತುಂಬುತ್ತದೆ ಎಂಬ ನಂಬಿಕೆ ವೈದ್ಯರಲ್ಲೂ ರೋಗಿಗಳಲ್ಲೂ ಗಟ್ಟಿಯಾಗಿದೆ. 2005ರಲ್ಲಿ ಪ್ರಕಟವಾದ ಒಂದು ವ್ಯವಸ್ಥಿತ ಪರಾಮರ್ಶೆ, ಅಂದರೆ ಹಿಂದಿನ ಅಧ್ಯಯನಗಳನ್ನೆಲ್ಲ ಹುಡುಕಿ ಒಟ್ಟಿಗೆ ತೂಗಿನೋಡುವ ಅಧ್ಯಯನ, ವೃತ್ತಿಯಲ್ಲಿ ಕಳೆದ ವರ್ಷಗಳಿಗೂ ಚಿಕಿತ್ಸೆಯ ಗುಣಮಟ್ಟಕ್ಕೂ ಇರುವ ಸಂಬಂಧವನ್ನು 62 ಮೌಲ್ಯಮಾಪನಗಳಲ್ಲಿ ಪರಿಶೀಲಿಸಿತು. ಅರ್ಧಕ್ಕಿಂತ ತುಸು ಹೆಚ್ಚಿನವುಗಳಲ್ಲಿ, ವರ್ಷಗಳು ಹೆಚ್ಚಿದಂತೆ ಅಳೆದ ಎಲ್ಲ ಅಂಶಗಳಲ್ಲೂ ಗುಣಮಟ್ಟ ಕುಸಿದಿತ್ತು. ಕನ್ನಡದಲ್ಲಿ ‘ಅಭ್ಯಾಸ’ ಎಂದರೆ ಓದು ಎಂದೂ ಆಗುತ್ತದೆ, ರೂಢಿ ಎಂದೂ ಆಗುತ್ತದೆ. ಮೊದಲನೆಯ ಅಭ್ಯಾಸ ನಿಂತುಹೋದರೆ ಎರಡನೆಯದು ಅದರ ಜಾಗವನ್ನು ಹಿಡಿಯುತ್ತದೆ. ಅನುಭವ ಕೈಯನ್ನು ಪಳಗಿಸುತ್ತದೆಯೇ ಹೊರತು ತಾನಾಗಿಯೇ ಹೊಸ ಸಂಗತಿಯನ್ನು ತಿಳಿಸಿಕೊಡುವುದಿಲ್ಲ.

ಈ ಮಾತು ಎಲ್ಲ ವೈದ್ಯರಿಗೂ ಅನ್ವಯಿಸುತ್ತದೆಯಾದರೂ ಸಾಮಾನ್ಯ ವೈದ್ಯರ ಕಷ್ಟವೇ ಬೇರೆ. ಹೃದಯ ತಜ್ಞರು ಒಂದು ಅಂಗದ ಸುದ್ದಿಯನ್ನು ಹಿಂಬಾಲಿಸಿದರೆ ಸಾಕು. ಜಿಪಿ ಎಂದು ಕರೆಯಲಾಗುವ ಸಾಮಾನ್ಯ ವೈದ್ಯರು ಕೂಸಿನ ಜ್ವರ, ಗರ್ಭಿಣಿಯ ರಕ್ತದೊತ್ತಡ, ಮುದುಕರ ಸಕ್ಕರೆ ಕಾಯಿಲೆ, ವಾಸಿಯಾಗದ ಕೆಮ್ಮು ಇವೆಲ್ಲವನ್ನೂ ಒಂದೇ ಬೆಳಿಗ್ಗೆ ನೋಡಬೇಕು. ಮೇಲಾಗಿ, ಬಡ ದೇಶಗಳಲ್ಲಿ ಅವರು ಬಹುಮಟ್ಟಿಗೆ ಒಂಟಿ: ಪಕ್ಕದ ಕೋಣೆಯಲ್ಲಿ ಕೇಳಲು ಹಿರಿಯರಿಲ್ಲ, ಗ್ರಂಥಾಲಯವಿಲ್ಲ, ಒಂದು ದಿನ ಬಾಗಿಲು ಮುಚ್ಚಿ ತರಬೇತಿಗೆ ಹೋದರೆ ಅವರ ಜಾಗದಲ್ಲಿ ಕೂರುವವರಿಲ್ಲ. ಸಮಯವಂತೂ ಇಲ್ಲವೇ ಇಲ್ಲ. 67 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಜಗತ್ತಿನ ಜನಸಂಖ್ಯೆಯ ಸುಮಾರು ಅರ್ಧದಷ್ಟು ಜನರಿರುವ 18 ದೇಶಗಳಲ್ಲಿ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಸರಾಸರಿ ಐದು ನಿಮಿಷ ಅಥವಾ ಅದಕ್ಕೂ ಕಡಿಮೆ ಸಮಯ ಕೊಡುತ್ತಾರೆ. ಅಮೆರಿಕದಲ್ಲಿ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರತಿ ಮೂವರು ರೋಗಿಗಳನ್ನು ನೋಡುವಾಗ ವೈದ್ಯರ ಮನಸ್ಸಿನಲ್ಲಿ ಸುಮಾರು ಎರಡು ಪ್ರಶ್ನೆಗಳು ಏಳುತ್ತವೆಂದೂ, ಅವುಗಳಲ್ಲಿ ಶೇಕಡಾ 30ಕ್ಕೆ ಮಾತ್ರ ಆ ಹೊತ್ತಿಗೇ ಉತ್ತರ ಸಿಗುತ್ತದೆಂದೂ ಕಂಡುಬಂದಿತ್ತು. ಅನುಕೂಲವಿರುವ ದೇಶದಲ್ಲೇ ಹೀಗಿದ್ದರೆ, ಐದು ನಿಮಿಷದೊಳಗೆ ಮುಂದಿನ ರೋಗಿಯನ್ನು ಒಳಗೆ ಕರೆಯಬೇಕಾದವರ ಪ್ರಶ್ನೆಗಳು ಎಲ್ಲಿ ಉಳಿದುಹೋಗುತ್ತವೆ ಎಂಬುದನ್ನು ಊಹಿಸಬಹುದು.

ಹಾಗಾದರೆ ಕಲಿಸುವುದು ಹೇಗೆ? ಇದುವರೆಗೆ ಹೆಚ್ಚು ಬಳಕೆಯಲ್ಲಿರುವ ಉತ್ತರ ಉಪನ್ಯಾಸ. ಅದೇ ಅತ್ಯಂತ ದುರ್ಬಲ ಉತ್ತರವೂ ಹೌದು. ಕೇವಲ ಕುಳಿತು ಕೇಳುವ ಉಪನ್ಯಾಸಗಳಿಂದ ವೈದ್ಯರ ನಡವಳಿಕೆ ಬದಲಾಗುವುದು ಕಾಣುವುದಿಲ್ಲ, ಪಾಲ್ಗೊಂಡು ಮಾಡಿ ಕಲಿಯುವ ಕಮ್ಮಟಗಳಿಂದ ಬದಲಾಗಬಲ್ಲದು ಎಂದು 1999ರ ಪರಾಮರ್ಶೆಯೊಂದು ತೋರಿಸಿತು. ಅಮೆರಿಕದ ವೈದ್ಯಕೀಯ ಶಿಕ್ಷಣ ಚಿಂತಕ ಜಾರ್ಜ್ ಮಿಲ್ಲರ್ 1990ರಲ್ಲಿ ಕಲಿಕೆಯನ್ನು ನಾಲ್ಕು ಹಂತಗಳ ಪಿರಮಿಡ್ಡಿನಂತೆ ಚಿತ್ರಿಸಿದ್ದರು: ತಿಳಿದಿರುವುದು, ಹೇಗೆ ಮಾಡಬೇಕೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿತ್ಯದ ಕೆಲಸದಲ್ಲಿ ನಿಜಕ್ಕೂ ಮಾಡುವುದು. ಉಪನ್ಯಾಸ ತಳದ ಹಂತದಲ್ಲೇ ನಿಂತುಬಿಡುತ್ತದೆ. ರೋಗಿಗೆ ಪ್ರಯೋಜನವಾಗುವುದು ತುದಿಯ ಹಂತದಲ್ಲಿ.

ಐದಾರು ಜನ ವೈದ್ಯರು ತಿಂಗಳಿಗೊಮ್ಮೆ ಸೇರಿ, ಗಂಟಲು ನೋವಿಗೆಂದು ಬಂದವರಿಗೆ ತಾವು ಬರೆದ ಹತ್ತು ಹತ್ತು ಚೀಟಿಗಳನ್ನು ರೋಗಿಯ ಹೆಸರು ಮುಚ್ಚಿ ಮೇಜಿನ ಮೇಲೆ ಹರಡುತ್ತಾರೆ ಎಂದು ಭಾವಿಸೋಣ. ಗಂಟಲು ನೋವು ಬಹುತೇಕ ವೈರಾಣುವಿನಿಂದ ಬರುವಂಥದ್ದು, ಅದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಚೀಟಿಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸುತ್ತದೆ. ಏಕೆ ಎಂದು ಕೇಳಿದರೆ, ‘ಕೊಡದಿದ್ದರೆ ರೋಗಿ ಬೇರೆ ಡಾಕ್ಟರ ಬಳಿ ಹೋಗುತ್ತಾರೆ’ ಎಂದು ಒಬ್ಬರು ಹೇಳಿಬಿಡುತ್ತಾರೆ. ಕಲಿಯಬೇಕಾದದ್ದು ಏನು ಎಂಬುದು ಆ ಕ್ಷಣದಲ್ಲಿ ಹೊರಬೀಳುತ್ತದೆ: ಬೇಕಾಗಿರುವುದು ಔಷಧಶಾಸ್ತ್ರದ ಇನ್ನೊಂದು ಪಾಠವಲ್ಲ, ಔಷಧ ಏಕೆ ಬೇಡ ಎಂಬುದನ್ನು ರೋಗಿಗೆ ಎರಡು ನಿಮಿಷದಲ್ಲಿ ನಂಬಿಕೆ ಬರುವಂತೆ ಹೇಳುವ ಮಾತು. ಅದನ್ನು ಅವರು ಒಬ್ಬರ ಮುಂದೊಬ್ಬರು ಆಡಿ ಅಭ್ಯಾಸ ಮಾಡಬಹುದು, ಮುಂದಿನ ತಿಂಗಳು ಮತ್ತೆ ಚೀಟಿಗಳನ್ನು ಎಣಿಸಬಹುದು. ಈ ಬಗೆಯ ಲೆಕ್ಕ ನೋಡುವಿಕೆಗೆ ‘ಪ್ರಿಸ್ಕ್ರಿಪ್ಷನ್ ಆಡಿಟ್’ ಎಂಬ ಹೆಸರಿದೆ. ಇದಕ್ಕೆ ಸಭಾಂಗಣ ಬೇಡ, ದೊಡ್ಡ ಖರ್ಚಿಲ್ಲ. ಸಹೋದ್ಯೋಗಿಗಳ ಎದುರು ತಪ್ಪನ್ನು ಬಿಚ್ಚಿಡುವ ಧೈರ್ಯ ಮಾತ್ರ ಬೇಕು, ಮತ್ತು ಆ ತಪ್ಪು ಶಿಕ್ಷೆಗೆ ಕಾರಣವಾಗದು ಎಂಬ ಭರವಸೆ ಬೇಕು.

ದೂರದ ಊರುಗಳಿಗೆ ಇನ್ನೊಂದು ಮಾದರಿಯಿದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದ ‘ಪ್ರಾಜೆಕ್ಟ್ ಎಕೋ’ದಲ್ಲಿ, ಪ್ರಾಥಮಿಕ ಹಂತದ ವೈದ್ಯರು ತಮ್ಮದೇ ಹೆಪಟೈಟಿಸ್-ಸಿ (ಯಕೃತ್ತಿನ ವೈರಾಣು ಸೋಂಕು) ರೋಗಿಗಳ ವಿವರವನ್ನು ವಿಡಿಯೊ ಮೂಲಕ ತಜ್ಞರ ಮುಂದಿಟ್ಟು ಚರ್ಚಿಸುತ್ತಿದ್ದರು. ಹೀಗೆ ಚಿಕಿತ್ಸೆ ಪಡೆದವರು ವಿಶ್ವವಿದ್ಯಾಲಯದ ಆಸ್ಪತ್ರೆಯ ರೋಗಿಗಳಷ್ಟೇ ಪ್ರಮಾಣದಲ್ಲಿ ಗುಣವಾದರೆಂದು 2011ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿತು.

ಹಣದ ಪ್ರಶ್ನೆಯನ್ನು ಬಿಟ್ಟು ಈ ಪದವನ್ನು ಪೂರ್ತಿಯಾಗಿ ಅರಿಯಲಾಗದು. ಸರ್ಕಾರವೂ ವೃತ್ತಿ ಸಂಘಗಳೂ ವೆಚ್ಚ ಭರಿಸದ ಕಡೆ ಔಷಧ ಕಂಪನಿಗಳು ಮುಂದೆ ಬರುತ್ತವೆ, ಆಗ ವಿಷಯವನ್ನು ಆರಿಸುವ ಅಧಿಕಾರವೂ ನಿಧಾನವಾಗಿ ಅವುಗಳ ಕೈಗೆ ಜಾರುತ್ತದೆ. ಹೊಸ, ದುಬಾರಿ ಔಷಧದ ಬಗ್ಗೆ ಹೇಳಲು ಜನರಿರುತ್ತಾರೆ. ಓಆರ್‌ಎಸ್ ಮತ್ತು ಸತುವಿನ ಬಗ್ಗೆ ಹೇಳಲು ಯಾರಿಗೂ ಲಾಭವಿಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ. ಕಂಪನಿಯ ಪ್ರತಿನಿಧಿಯ ವಿಧಾನವನ್ನೇ ಒಳ್ಳೆಯದಕ್ಕೆ ತಿರುಗಿಸಿಕೊಂಡ ಉದಾಹರಣೆಯೂ ಇದೆ: ಯಾವ ಮಾರಾಟದ ಹಂಗೂ ಇಲ್ಲದ, ತರಬೇತಿ ಪಡೆದ ಔಷಧತಜ್ಞರು ವೈದ್ಯರ ಕೋಣೆಗೇ ಹೋಗಿ ಮಾತನಾಡಿದರೆ ಅನಗತ್ಯ ಔಷಧ ಬರೆಯುವುದು ಕಡಿಮೆಯಾಗುತ್ತದೆಂದು ಅಮೆರಿಕದ ಪ್ರಯೋಗವೊಂದು 1983ರಲ್ಲೇ ತೋರಿಸಿತ್ತು.

ಇತ್ತೀಚೆಗೆ ‘ಸಿಎಂಇ’ ಬದಲು ‘ಸಿಪಿಡಿ’, ಅಂದರೆ ‘ನಿರಂತರ ವೃತ್ತಿಪರ ಅಭಿವೃದ್ಧಿ’ ಎಂಬ ಪದ ಹೆಚ್ಚು ಬಳಕೆಗೆ ಬರುತ್ತಿದೆ. ರೋಗಿಯೊಡನೆ ಮಾತುಕತೆ, ದಾಖಲೆ ಇಡುವುದು, ತಂಡದೊಡನೆ ಕೆಲಸ, ವೃತ್ತಿನೀತಿ ಇವೂ ಅದರೊಳಗೆ ಬರುತ್ತವೆ. ಬರಿಯ ಸಿಎಂಇ ದಾಖಲೆಯಲ್ಲಿ ಎಷ್ಟು ಗಂಟೆ ಹಾಜರಿದ್ದರು ಎಂಬುದಷ್ಟೇ ಇದ್ದರೆ, ಸರಿಯಾಗಿ ನಡೆಸಿದ ಸಿಪಿಡಿ ದಾಖಲೆಯಲ್ಲಿ ವೈದ್ಯರು ಮೂರು ಸಾಲು ಬರೆಯಬೇಕಾಗುತ್ತದೆ: ಯಾವ ರೋಗಿಯನ್ನು ನೋಡುವಾಗ ಯಾವ ಪ್ರಶ್ನೆ ಎದ್ದಿತು, ಉತ್ತರ ಎಲ್ಲಿ ಸಿಕ್ಕಿತು, ಅದರ ನಂತರ ಅಂಥದೇ ರೋಗಿ ಬಂದಾಗ ತಾವು ಏನನ್ನು ಬೇರೆಯಾಗಿ ಮಾಡಿದರು.