ಸ್ಲೈಡ್ ಹೇಳದ್ದನ್ನು ಮೀಥೈಲ್ ಹೇಳಿತು: ಮಿದುಳು ಗಡ್ಡೆಯ ಗ್ರೇಡ್ ಬದಲಾದ ಬಗೆ

1926ರಲ್ಲಿ ಬೇಲಿ ಮತ್ತು ಕುಶಿಂಗ್ ಎಂಬ ಅಮೆರಿಕದ ವೈದ್ಯರು ಗ್ಲಿಯೋಮಾಗಳನ್ನು (ಮಿದುಳಿನ ಆಧಾರಕೋಶಗಳಿಂದ ಹುಟ್ಟುವ ಗಡ್ಡೆಗಳನ್ನು) ಕೋಶಗಳ ಚಹರೆ ನೋಡಿ ವಿಂಗಡಿಸಿದರು. ಆಮೇಲೆ ದಶಕಗಟ್ಟಲೆ ನಡೆದದ್ದು ಅದೇ ದಾರಿ. ಕೋಶಗಳು ಎಷ್ಟು ಒಡೆಯುತ್ತಿವೆ, ಹೊಸ ರಕ್ತನಾಳ ಹುಟ್ಟಿದೆಯೇ, ಅಂಗಾಂಶ ಸತ್ತಿದೆಯೇ ಎಂದು ನೋಡಿ ಗ್ರೇಡ್, ಅಂದರೆ ಗಡ್ಡೆ ಎಷ್ಟು ಉಗ್ರ ಎಂಬ ಅಂಕ, ಕೊಡುವುದು. ಆದರೆ ಒಂದೇ ಗ್ರೇಡಿನ ಇಬ್ಬರಲ್ಲಿ ಒಬ್ಬರು ಬೇಗ ತೀರಿಕೊಂಡರೆ ಇನ್ನೊಬ್ಬರು ಹಲವು ವರ್ಷ ಬದುಕುತ್ತಿದ್ದರು. ಗಡ್ಡೆಯ ತೆಳು ತುಂಡಿಟ್ಟ ಒಂದೇ ಗಾಜಿನ ಸ್ಲೈಡಿಗೆ ಇಬ್ಬರು ಪ್ಯಾಥಾಲಜಿಸ್ಟರು (ಅಂಗಾಂಶ ನೋಡಿ ರೋಗ ಗುರುತಿಸುವ ವೈದ್ಯರು) ಬೇರೆ ಬೇರೆ ಗ್ರೇಡ್ ಕೊಡುವುದೂ ಇತ್ತು.

ಡಿಎನ್‌ಎಯ ಅಕ್ಷರ ಬದಲಾಗದೆಯೂ ಜೀನ್ ಸುಮ್ಮನಾಗಬಹುದು. ಜೀನನ್ನು ಚಾಲೂ ಮಾಡುವ ಭಾಗವಾದ ಪ್ರೊಮೋಟರ್‌ನಲ್ಲಿ, ಸೈಟೊಸಿನ್ ಎಂಬ ಅಕ್ಷರಗಳ ಮೇಲೆ ಮೀಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ಗುರುತು ಕೂತರೆ ಸಾಕು. ಚಿಕಿತ್ಸೆಯಲ್ಲಿ ಇದು ಮೊದಲು ಲೆಕ್ಕಕ್ಕೆ ಬಂದದ್ದು ಎಂಜಿಎಂಟಿ ಜೀನಿನಿಂದ. ಟೆಮೊಝೊಲೊಮೈಡ್ ಎಂಬ ಕ್ಯಾನ್ಸರ್ ಮಾತ್ರೆ ಡಿಎನ್‌ಎಗೆ ಮಾಡಿದ ಗಾಯವನ್ನು ರಿಪೇರಿ ಮಾಡುವ ಪ್ರೋಟೀನ್ ಅದರದು; ಜೀನ್ ಸುಮ್ಮನಾದರೆ ರಿಪೇರಿ ನಿಂತು ಮಾತ್ರೆ ಹೆಚ್ಚು ನಾಟುತ್ತದೆ. 2005ರಲ್ಲಿ ಸಂಶೋಧಕಿ ಮೋನಿಕಾ ಹೇಗಿ ಅವರ ತಂಡ 206 ಗ್ಲಿಯೋಬ್ಲಾಸ್ಟೋಮಾಗಳನ್ನು (ಅತ್ಯಂತ ಉಗ್ರ ಬಗೆಯ ಗ್ಲಿಯೋಮಾಗಳನ್ನು) ಪರೀಕ್ಷಿಸಿದಾಗ 45% ಗಡ್ಡೆಗಳಲ್ಲಿ ಅದು ಮೀಥೈಲ್ ಆಗಿತ್ತು. ಅಂಥವರಲ್ಲಿ ಬರೀ ರೇಡಿಯೇಷನ್ ಪಡೆದವರ ಮಧ್ಯಮ ಬದುಕು (ಅರ್ಧದಷ್ಟು ಜನ ಬದುಕಿರುವ ಅವಧಿ) 15.3 ತಿಂಗಳು, ಜೊತೆಗೆ ಮಾತ್ರೆಯನ್ನೂ ಪಡೆದವರದು 21.7. ಮೀಥೈಲ್ ಇಲ್ಲದವರಲ್ಲಿ ಇದೇ ಅಂಕಿ 11.8 ಮತ್ತು 12.7, ಅಂದರೆ ಹೆಚ್ಚು ವ್ಯತ್ಯಾಸವಿಲ್ಲ. ರಿಪೋರ್ಟ್ ಓದುವಾಗ ಈಗಲೂ ಆಗುವ ಎಡವಟ್ಟೊಂದಿದೆ, ಎಂಜಿಎಂಟಿ ಫಲಿತಾಂಶವನ್ನೇ ಗ್ರೇಡ್ ಎಂದುಕೊಳ್ಳುವುದು. ಅದು ಗ್ರೇಡ್ ಹೇಳುವುದಿಲ್ಲ, ಮಾತ್ರೆ ಎಷ್ಟು ನಾಟೀತು ಎಂಬುದನ್ನು ಹೇಳುತ್ತದೆ.

ಪರೀಕ್ಷೆಯೂ ನಾಜೂಕಿನದು. ಗಡ್ಡೆಯ ತುಂಡನ್ನು ಮೇಣದಲ್ಲಿ ಕಾದಿಟ್ಟ ಪ್ಯಾರಫಿನ್ ಬ್ಲಾಕ್‌ನಿಂದ ತೆಗೆದ ಡಿಎನ್‌ಎಗೆ ಬೈಸಲ್ಫೈಟ್ ಎಂಬ ರಾಸಾಯನಿಕ ಹಾಕುತ್ತಾರೆ. ಮೀಥೈಲ್ ಇಲ್ಲದ ಸೈಟೊಸಿನ್ ಯುರಾಸಿಲ್ ಆಗುತ್ತದೆ, ಇರುವುದು ಹಾಗೇ ಉಳಿಯುತ್ತದೆ. ಪರಿವರ್ತನೆ ಅರ್ಧಕ್ಕೆ ನಿಂತರೆ ಇಲ್ಲದ ಮೀಥೈಲ್ ಇದ್ದಂತೆ ಕಾಣುತ್ತದೆ. ಬೈಸಲ್ಫೈಟ್ ಡಿಎನ್‌ಎಯನ್ನು ಚೂರುಚೂರೂ ಮಾಡುತ್ತದೆ. ಹಳೆಯ ಬ್ಲಾಕ್ ಆದರೆ ಪಿಸಿಆರ್ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಏಳುವುದೇ ಕಷ್ಟ. ಕತ್ತರಿಸಿದ ತುಂಡಿನಲ್ಲಿ ಗಡ್ಡೆಗಿಂತ ಸಾಮಾನ್ಯ ಕೋಶಗಳೇ ಹೆಚ್ಚಿದ್ದರೆ ಮೀಥೈಲ್‌ನ ಶೇಕಡಾವಾರು ಇಳಿಯುತ್ತದೆ. ಆ ಶೇಕಡಾವಾರನ್ನು ಅಳೆಯುವ ಪೈರೋಸೀಕ್ವೆನ್ಸಿಂಗ್ ವಿಧಾನದಲ್ಲಿ 8-10% ಆಸುಪಾಸಿನ ಫಲಿತಾಂಶದ ಮೇಲೆ ಖಚಿತವಾಗಿ ಏನೂ ಹೇಳಲಾಗದು.

2008ರಲ್ಲಿ ಗ್ಲಿಯೋಮಾಗಳಲ್ಲಿ ಐಡಿಎಚ್1 ಎಂಬ ಜೀನಿನ ರೂಪಾಂತರ ಸಿಕ್ಕಿತು. ಅದು ಹುಟ್ಟಿಸುವ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ರಾಸಾಯನಿಕ ಮೀಥೈಲ್ ತೆಗೆಯುವ ಕಿಣ್ವಗಳನ್ನು ಕಟ್ಟಿಹಾಕುತ್ತದೆ, ಹಾಗಾಗಿ ಜೀನೋಮ್ ತುಂಬ ಮೀಥೈಲ್ ತುಂಬಿಕೊಳ್ಳುತ್ತದೆ. ಈ ಗುಂಪಿನವರು ಹೆಚ್ಚು ಕಾಲ ಬದುಕುತ್ತಾರೆ. 2013ರಲ್ಲಿ ಬೆಂಗಳೂರಿನ ಐಐಎಸ್‌ಸಿ ಮತ್ತು ನಿಮ್ಹಾನ್ಸ್ ಸಂಶೋಧಕರು ಒಂಬತ್ತು ಜೀನುಗಳ ಮೀಥೈಲೇಷನ್‌ನಿಂದ ಗ್ಲಿಯೋಬ್ಲಾಸ್ಟೋಮಾದ ಮುನ್ಸೂಚನೆ ಕಟ್ಟಿದರು.

ದೊಡ್ಡ ತಿರುವು ಬಂದದ್ದು 2018ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಿಂದ. 2,801 ಮಾದರಿಗಳ ಮೀಥೈಲ್ ವಿನ್ಯಾಸ ಕಲಿತ ಕಂಪ್ಯೂಟರ್, ಹೊಸದಾಗಿ ಬಂದ 1,104 ಗಡ್ಡೆಗಳಲ್ಲಿ ಸುಮಾರು 12%ರ ಹೆಸರನ್ನೇ ಬದಲಾಯಿಸಿತು. ಗುರುತು ಎಷ್ಟು ಖಚಿತ ಎಂದು ಅದು ಕೊಡುವ ಸ್ಕೋರ್ 0.9 ದಾಟದಿದ್ದರೆ ಗುರುತು ಸಿಕ್ಕಿತು ಎನ್ನುವಂತಿಲ್ಲ.

2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇದನ್ನೆಲ್ಲ ಒಳಗೆ ತಂದಿತು. ಈಗ ಐಡಿಎಚ್ ರೂಪಾಂತರವಿರುವ ಆಸ್ಟ್ರೋಸೈಟೋಮಾದಲ್ಲಿ (ಗ್ಲಿಯೋಮಾದ ಒಂದು ಬಗೆ) ಕೋಶ ಒಡೆಯುವುದಕ್ಕೆ ತಡೆ ಹಾಕುವ ಸಿಡಿಕೆಎನ್2ಎ/ಬಿ ಜೀನುಗಳ ಎರಡೂ ಪ್ರತಿ ಅಳಿದಿದ್ದರೆ, ಸ್ಲೈಡ್ ಎಷ್ಟೇ ಸಾಧುವಾಗಿ ಕಂಡರೂ ಗ್ರೇಡ್ 4, ಅಂದರೆ ಅತ್ಯಂತ ಉಗ್ರ. ಆ ಅಳಿವನ್ನು ಮೀಥೈಲ್ ಓದುವ ಚಿಪ್‌ನ ಅಂಕಿಗಳಿಂದಲೇ ಹೆಕ್ಕಬಹುದು.